ಅತಿಥಿಗೂ ಒಂದು ಗೆರೆ

1860ನೆಯ ಇಸವಿಯ ಜುಲೈ 2ರಂದು ಲಂಡನ್ ನಗರದ ಹೊರವಲಯದ ವಿಂಬಲ್ಡನ್ ಬಯಲಿನಲ್ಲಿ ಇಂಗ್ಲೆಂಡಿನ ರಾಷ್ಟ್ರೀಯ ರೈಫಲ್ ಸಂಘದ ಮೊದಲ ಸ್ಪರ್ಧಾಕೂಟ ನೆರೆದಿತ್ತು. ಉದ್ಘಾಟನೆಗೆ ದಯಮಾಡಿಸಿದವರು ಸ್ವತಃ ವಿಕ್ಟೋರಿಯಾ ರಾಣಿ. ಮೊದಲ ಗುಂಡನ್ನು ಹಾರಿಸುವ ಗೌರವ ಅವರಿಗೇ ಮೀಸಲಾಗಿತ್ತು. ಆದರೆ ಬಂದೂಕನ್ನು ಅವರ ಕೈಗೆ ಕೊಡಲಿಲ್ಲ. ವಿಟ್‌ವರ್ತ್ ರೈಫಲೊಂದನ್ನು ಭದ್ರವಾದ ಆಸರೆಯ ಮೇಲೆ ಅಲುಗದಂತೆ ನಿಲ್ಲಿಸಿ, 400 ಗಜ ದೂರದ ಗುರಿಹಲಗೆಗೆ ಮುಂಚಿತವಾಗಿಯೇ ಗುರಿಯಿಟ್ಟು, ಅದರ ಟ್ರಿಗರಿಗೆ ಒಂದು ರೇಷ್ಮೆಯ ದಾರವನ್ನು ಕಟ್ಟಿದ್ದರು. ರಾಣಿ ಆ ದಾರವನ್ನು ಎಳೆದರು. ಗುಂಡು ಗುರಿಯ ನಡುಭಾಗಕ್ಕೇ ತಾಗಿತು. ನೆರೆದ ಜನ ಹರ್ಷೋದ್ಗಾರ ಮಾಡಿದರು.

ರಾಣಿಯ ಗುಂಡು ಗುರಿ ತಪ್ಪಬಾರದೆಂಬ ಕಾಳಜಿಯೇ ಈ ಏರ್ಪಾಡಿಗೆ ಮುಖ್ಯ ಕಾರಣವಾಗಿದ್ದಿರಬಹುದು. ಆದರೂ ಅದರೊಳಗೆ ಒಂದು ವಿವೇಕ ಅಡಗಿದೆಯೆಂಬುದನ್ನು ಅಲ್ಲಗಳೆಯಲಾಗದು. ಅತಿಥಿಯ ಗೌರವಕ್ಕೆ ಅಲ್ಲಿ ಕುಂದು ಬರಲಿಲ್ಲ. ನೆರೆದವರ ಪ್ರಾಣಕ್ಕೂ ಕುತ್ತು ಬರಲಿಲ್ಲ. ಗೌರವವೂ ಕ್ರಮವೂ ಒಂದೇ ದಾರದಲ್ಲಿ ಕೂಡಿಬಂದವು.

ಅತಿಥಿಸತ್ಕಾರ ಈ ನಾಡಿನ ಹಿರಿಯ ಗುಣಗಳಲ್ಲೊಂದು. ಆದರೆ ಆ ಗುಣದ ನೆರಳಿನಲ್ಲಿಯೇ ಒಂದು ದೌರ್ಬಲ್ಯವೂ ಬೆಳೆದು ಬಂದಿದೆ. ಗಣ್ಯರು ಬಂದರೆಂದರೆ ನಿಯಮ ತಾನಾಗಿಯೇ ಪಕ್ಕಕ್ಕೆ ಸರಿದು ದಾರಿ ಬಿಡುತ್ತದೆ. ವಿದ್ಯಾರ್ಥಿಗೆ ನಿಷಿದ್ಧವಾದುದು ಅಧ್ಯಾಪಕನಿಗೆ ಸಲ್ಲುತ್ತದೆ. ಅಧ್ಯಾಪಕನಿಗೆ ಸಲ್ಲದುದು ಆಡಳಿತ ಮಂಡಲಿಯವರಿಗೆ ಸಲ್ಲುತ್ತದೆ. ಅವರಿಗೂ ಸಲ್ಲದುದು ಮುಖ್ಯ ಅತಿಥಿಗಳಿಗೆ ಸಲ್ಲುತ್ತದೆ. ಅನೇಕ ಕಡೆ ಇದರಿಂದ ಆಗುವ ಹಾನಿ ಸಣ್ಣದು. ಆದರೆ ಒಂದು ಸ್ಥಳದಲ್ಲಿ ಮಾತ್ರ ಈ ರಿಯಾಯಿತಿಗೆ ಎಳ್ಳಷ್ಟೂ ಎಡೆಯಿಲ್ಲ. ಅದು ಫೈರಿಂಗ್ ರೇಂಜ್ ಎಂದು ಕರೆಯುವ, ಗುಂಡು ಹಾರಿಸುವ ಅಭ್ಯಾಸದ ಬಯಲು. ಅಲ್ಲಿ ನೋಡಲು ಬಂದವನಿಗೆ ನಿಯಮ ಹೇಳುವುದು ಅಗೌರವವಲ್ಲ, ಅದೇ ಸತ್ಕಾರದ ಮೊದಲ ಹೆಜ್ಜೆ. ಈ ಮಾತನ್ನು ಶಾಲೆಗಳು ಗಟ್ಟಿಯಾಗಿ ಹಿಡಿಯಬೇಕಾಗಿದೆ.

ಈ ವಿಷಯ ಶಾಲೆಗಳಿಗೆ ದೂರದ್ದೇನೂ ಅಲ್ಲ. 1948ರಲ್ಲಿ ಕಾಯಿದೆಯ ಮೂಲಕ ಸ್ಥಾಪಿತವಾದ ಎನ್.ಸಿ.ಸಿ. ನಾಡಿನ ಅಸಂಖ್ಯ ಪ್ರೌಢಶಾಲೆಗಳಲ್ಲಿ ಬೇರೂರಿದೆ. ಏಕತೆ ಮತ್ತು ಶಿಸ್ತು ಅದರ ಧ್ಯೇಯವಾಕ್ಯ. ಪಾಯಿಂಟ್ 22 ರೈಫಲಿನಿಂದ ಗುರಿ ಹೊಡೆಯುವುದು ಅದರ ಶಿಕ್ಷಣದ ಒಂದು ಅಂಗ. ಇದಲ್ಲದೆ 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಏರ್ ರೈಫಲ್ ಸ್ಪರ್ಧೆಯಲ್ಲಿ ಭಾರತದ ಮೊದಲ ವೈಯಕ್ತಿಕ ಚಿನ್ನದ ಪದಕ ಗಳಿಸಿದರು. 2024ರ ಪ್ಯಾರಿಸ್ ಕ್ರೀಡಾಕೂಟದಲ್ಲಿ ಭಾರತಕ್ಕೆ ಇದೇ ಕ್ರೀಡೆಯಿಂದ ಮೂರು ಕಂಚಿನ ಪದಕಗಳು ಬಂದವು. ಇಂಥ ಗೆಲವುಗಳಿಂದ ಮಕ್ಕಳಲ್ಲಿ ಈ ಕಲೆಯ ಕುರಿತು ಕುತೂಹಲ ಮೂಡುವುದು ಸಹಜ. ಮಗುವಿನೊಡನೆ ತಂದೆತಾಯಿ ಬರುತ್ತಾರೆ, ಒಡಹುಟ್ಟಿದವರು ಬರುತ್ತಾರೆ, ಶಾಲೆಯ ಹಿತೈಷಿಗಳು ಬರುತ್ತಾರೆ. ಕಲಿಯುವವನಿಗೆ ತರಬೇತಿ ಉಂಟು. ನೋಡಲು ಬಂದವನಿಗೆ ಅದಿಲ್ಲ. ಆದುದರಿಂದ ರೇಂಜಿನ ವ್ಯವಸ್ಥೆ ಬಲವಾಗಿದೆಯೋ ಇಲ್ಲವೋ ಎಂಬುದು ತಿಳಿಯುವುದು ಅದು ಸಂದರ್ಶಕನನ್ನು ಹೇಗೆ ನಡೆಸಿಕೊಳ್ಳುತ್ತದೆಂಬುದರಿಂದಲೇ.

ರೇಂಜಿನ ರಚನೆ ನೋಡಲು ಸರಳ. ಒಂದು ತುದಿಯಲ್ಲಿ ಗುಂಡು ಹಾರಿಸುವವರು ನಿಲ್ಲುವ ಅಥವಾ ಮಲಗುವ ಗೆರೆ. ಇನ್ನೊಂದು ತುದಿಯಲ್ಲಿ ಗುರಿಹಲಗೆ. ಅದರ ಹಿಂದೆ ಗುಂಡನ್ನು ನುಂಗಿಕೊಳ್ಳುವ ಎತ್ತರವಾದ ಮಣ್ಣಿನ ದಿಬ್ಬ. ಗುಂಡು ಹಾರುತ್ತಿರುವಷ್ಟು ಹೊತ್ತೂ ಕೆಂಪು ಬಾವುಟ ಹಾರಾಡುತ್ತಿರಬೇಕು. ಗುರಿಹಲಗೆ ಇಪ್ಪತ್ತೈದು ಮೀಟರಿನಷ್ಟು ಹತ್ತಿರದಲ್ಲಿರುವುದನ್ನು ಕಂಡವರಿಗೆ ಇಷ್ಟೊಂದು ಆಡಂಬರವೇಕೆಂದು ತೋರಬಹುದು. ಆದರೆ ಪಾಯಿಂಟ್ 22ರ ಆ ಚಿಕ್ಕ ಗುಂಡು, ತಡೆಯುವ ದಿಬ್ಬವಿಲ್ಲದಿದ್ದರೆ, ಒಂದು ಮೈಲಿಗೂ ಮಿಕ್ಕಿ ಸಾಗಬಲ್ಲುದು. ದಿಬ್ಬದ ಆಚೆಗೆ ಹೊಲವಿರಬಹುದು, ಹೊಲದಲ್ಲಿ ಕಳೆ ಕೀಳುವ ಹೆಂಗಸರಿರಬಹುದು, ದನ ಮೇಯಿಸುವ ಹುಡುಗನಿರಬಹುದು. ಅವರು ರೇಂಜಿನ ಕಡೆಗೆ ತಿರುಗಿಯೂ ನೋಡಿದವರಲ್ಲ. ಒಳಗಿನ ಶಿಸ್ತು ಅವರನ್ನೂ ಕಾಯಬೇಕು.

ಜಗತ್ತಿನ ರೇಂಜುಗಳಲ್ಲಿ ಮಾತಿನ ರೂಪ ಬೇರೆಯಾದರೂ ತಿರುಳಿನಲ್ಲಿ ಒಂದೇ ಆಗಿರುವ ನಾಲ್ಕು ಸೂತ್ರಗಳಿವೆ. ಪ್ರತಿಯೊಂದು ಬಂದೂಕನ್ನೂ ಅದರಲ್ಲಿ ಗುಂಡಿದೆಯೆಂದೇ ಭಾವಿಸಿ ನಡೆದುಕೊಳ್ಳತಕ್ಕದ್ದು. ನಾಶವಾದರೂ ಚಿಂತೆಯಿಲ್ಲವೆಂಬ ವಸ್ತುವಿನ ಕಡೆಗಲ್ಲದೆ ಬೇರೆಡೆಗೆ ನಳಿಗೆಯ ಬಾಯಿಯನ್ನು ತಿರುಗಿಸಕೂಡದು. ಗುರಿ ಸಿದ್ಧವಾಗುವವರೆಗೆ ಬೆರಳು ಟ್ರಿಗರಿನ ಮೇಲೆ ಹೋಗಕೂಡದು. ಗುರಿ ಯಾವುದು, ಗುರಿಯ ಹಿಂದೆ ಏನಿದೆ ಎಂಬುದನ್ನು ಖಚಿತವಾಗಿ ತಿಳಿಯದೆ ಗುಂಡು ಹಾರಿಸಕೂಡದು. ಇವುಗಳಲ್ಲಿ ಒಂದನ್ನು ಮರೆತರೂ ಉಳಿದ ಮೂರು ಅನಾಹುತವನ್ನು ತಡೆಯಬಹುದು. ನಾಲ್ಕನ್ನೂ ಒಟ್ಟಿಗೆ ಮರೆತರೆ ತಡೆಯುವವರಿಲ್ಲ.

ಮೊದಲ ಸೂತ್ರ ಅತಿಯಾದ ಅಂಜಿಕೆಯದೆಂದು ಕೆಲವರು ಬಗೆಯುತ್ತಾರೆ. ಖಾಲಿಯಾದ ಬಂದೂಕಿಗೂ ಇಷ್ಟು ಹೆದರಬೇಕೆ ಎಂಬುದು ಅವರ ಪ್ರಶ್ನೆ. 2021ರ ಅಕ್ಟೋಬರ್ 21ರಂದು ಅಮೆರಿಕದ ನ್ಯೂ ಮೆಕ್ಸಿಕೊ ಪ್ರಾಂತ್ಯದಲ್ಲಿ ಒಂದು ಚಲನಚಿತ್ರದ ಚಿತ್ರೀಕರಣ ನಡೆದಿತ್ತು. ಅಪಾಯವಿಲ್ಲದ ಬಂದೂಕೆಂದು ಸಾರಿ ಹೇಳಿದ್ದ ಪಿಸ್ತೂಲಿನಿಂದ ನಿಜವಾದ ಗುಂಡೇ ಹೊರಟು, ಛಾಯಾಗ್ರಾಹಕಿಯೊಬ್ಬರು ಪ್ರಾಣ ಕಳೆದುಕೊಂಡರು. ಖಾಲಿ ಎಂಬುದು ಒಬ್ಬರ ಬಾಯಿಮಾತು, ಅದು ಪರೀಕ್ಷೆಯಲ್ಲ. ಈ ಕಾರಣದಿಂದಲೇ ಇಂದಿನ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಬಳಕೆಯಲ್ಲಿಲ್ಲದ ಬಂದೂಕಿನ ಗುಂಡಿನ ಮನೆಯೊಳಗೆ ಕಣ್ಣಿಗೆ ಹೊಡೆಯುವ ಬಣ್ಣದ ಒಂದು ಪಟ್ಟಿಯನ್ನು ತೂರಿಸಿಡಬೇಕೆಂಬ ನಿಯಮವಿದೆ. ಅದು ಹೊರಗೆ ಕಾಣುತ್ತಿದ್ದರೆ ಒಳಗೆ ಗುಂಡಿಲ್ಲವೆಂದು ದೂರದಲ್ಲಿ ಕುಳಿತ ಪ್ರೇಕ್ಷಕನೂ ಕಣ್ಣಾರೆ ಕಂಡುಕೊಳ್ಳಬಹುದು.

ನುರಿತವರಿಗೆ ನಿಯಮ ಬೇಡವೆಂಬ ವಾದವೂ ನಿಲ್ಲುವುದಿಲ್ಲ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಮ್ಯಾಥ್ಯೂ ಎಮನ್ಸ್ 50 ಮೀಟರ್ ರೈಫಲ್ ಸ್ಪರ್ಧೆಯ ಕೊನೆಯ ಗುಂಡಿಗೆ ಬರುವಾಗ ಮೂರು ಅಂಕಗಳಷ್ಟು ಮುಂದಿದ್ದರು. ಚಿನ್ನದ ಪದಕ ಕೈಗೆ ಬಂದಂತೆಯೇ ಇತ್ತು. ಅವರು ಗುಂಡು ಹಾರಿಸಿದರು; ಅದು ಪಕ್ಕದ ಸಾಲಿನ ಗುರಿಹಲಗೆಗೆ ಹೋಗಿ ತಾಗಿತು. ಅವರ ಲೆಕ್ಕಕ್ಕೆ ಬಂದದ್ದು ಸೊನ್ನೆ. ಮೊದಲ ಸ್ಥಾನದಲ್ಲಿದ್ದವರು ಎಂಟನೆಯ ಸ್ಥಾನಕ್ಕೆ ಇಳಿದರು. ಎಲ್ಲರೂ ಗೆರೆಯ ಹಿಂದೆಯೇ ಇದ್ದುದರಿಂದ ನಷ್ಟವಾದದ್ದು ಒಂದು ಪದಕ ಮಾತ್ರ. ಲೋಕದ ಅಗ್ರಗಣ್ಯ ಗುರಿಕಾರನೂ ಒಂದು ಕ್ಷಣ ಮೈಮರೆಯಬಲ್ಲನೆಂದ ಮೇಲೆ, ಆ ದಿನವಷ್ಟೇ ರೇಂಜಿಗೆ ಕಾಲಿಟ್ಟ ಸಂದರ್ಶಕನ ಪಾಡೇನು?

ಆದುದರಿಂದಲೇ ವ್ಯವಸ್ಥಿತವಾದ ರೇಂಜುಗಳು ಸಂದರ್ಶಕನಿಗಾಗಿ ಒಂದು ಕ್ರಮವನ್ನು ರೂಪಿಸಿಕೊಂಡಿವೆ. ಬಂದವನು ಮೊದಲು ತನ್ನ ಹೆಸರನ್ನು ದಾಖಲೆ ಪುಸ್ತಕದಲ್ಲಿ ಬರೆಯಬೇಕು. ಗುರುತಿನ ಪತ್ರ ತೋರಿಸಬೇಕು. ನಿಯಮಗಳನ್ನು ಒಬ್ಬರು ಓದಿ ಹೇಳುತ್ತಾರೆ. ತಿಳಿಯಿತೆಂದು ಅವನು ಸಹಿ ಹಾಕುತ್ತಾನೆ. ಮದ್ಯ ಸೇವಿಸಿದವನಿಗೆ ಪ್ರವೇಶವಿಲ್ಲ. ಕಿವಿಗೂ ಕಣ್ಣಿಗೂ ರಕ್ಷಣೆ ಇರಬೇಕು. ಪಾದ ಮುಚ್ಚುವ ಪಾದರಕ್ಷೆ ಇರಬೇಕು, ಏಕೆಂದರೆ ಸಿಡಿದು ಬರುವ ಖಾಲಿ ಕಾಡತೂಸು ಸುಡುವಷ್ಟು ಬಿಸಿಯಾಗಿರುತ್ತದೆ. ಪ್ರೇಕ್ಷಕರಿಗೆಂದು ಹಾಕಿದ ಕಟಕಟೆಯನ್ನು ದಾಟಕೂಡದು. ಗೆರೆಯಲ್ಲಿರುವವನನ್ನು ಮಾತನಾಡಿಸಕೂಡದು, ಹಿಂದಿನಿಂದ ಹೋಗಿ ಭುಜ ಮುಟ್ಟಕೂಡದು. ಇನ್ನೊಬ್ಬರ ಬಂದೂಕನ್ನು ಕೇಳದೆ ಮುಟ್ಟಕೂಡದು. ಗುರಿಹಲಗೆಗಳನ್ನು ನೋಡಲು ಜನ ಮುಂದಕ್ಕೆ ಹೋದಾಗ ಹಿಂದುಳಿದವರಾರೂ ಬಂದೂಕಿನ ಹತ್ತಿರ ಸುಳಿಯಕೂಡದು. ಟ್ರಿಗರ್ ಒತ್ತಿದರೂ ಗುಂಡು ಹಾರದಿದ್ದಲ್ಲಿ ಬಂದೂಕನ್ನು ತಿರುಗಿಸಿ ನೋಡದೆ, ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷವಾದರೂ ಕಾಯಬೇಕು. ಗುಂಡು ತಡವಾಗಿ ಹಾರುವ ಸಂಭವ ಉಂಟು. ಇದೆಲ್ಲವನ್ನೂ ನೋಡಿಕೊಳ್ಳುವವನು ರೇಂಜ್ ಅಧಿಕಾರಿ. ಆ ಗೆರೆಯ ಮೇಲೆ ಅವನ ಮಾತೇ ಕೊನೆಯ ಮಾತು.

ಅತಿಥಿಯ ಸಂತೋಷಕ್ಕಾಗಿ ಈ ಕ್ರಮ ಸಡಿಲಗೊಂಡರೆ ಏನಾಗುತ್ತದೆಂಬುದಕ್ಕೆ ದೃಷ್ಟಾಂತಗಳು ಉಂಟು. 2008ರ ಅಕ್ಟೋಬರ್ 26ರಂದು ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತ್ಯದ ಒಂದು ಬಂದೂಕು ಮೇಳದಲ್ಲಿ ಎಂಟು ವರ್ಷದ ಬಾಲಕನ ಕೈಗೆ ಉಜ಼ಿ ಎಂಬ ಸ್ವಯಂಚಾಲಿತ ಆಯುಧವನ್ನು ಕೊಟ್ಟರು. ಅದರ ಒದೆತಕ್ಕೆ ನಳಿಗೆ ಹಿಂದಕ್ಕೆ ಹೊರಳಿ ಬಾಲಕನೇ ಗುಂಡಿಗೆ ಬಲಿಯಾದನು. ಆರು ವರ್ಷಗಳ ತರುವಾಯ, 2014ರ ಆಗಸ್ಟ್ 25ರಂದು, ಅರಿಜೋನಾ ಪ್ರಾಂತ್ಯದಲ್ಲಿ ಪ್ರವಾಸಿಗರು ಬಂದು ಹೋಗುವ ಒಂದು ರೇಂಜಿನಲ್ಲಿ ಒಂಬತ್ತು ವರ್ಷದ ಬಾಲಕಿಗೆ ಅಂಥದೇ ಆಯುಧ ದೊರೆಯಿತು. ಮೊದಲು ಒಂದೊಂದೇ ಗುಂಡು ಹಾರುವಂತೆ ಇಟ್ಟು ಹಾರಿಸಿದಳು, ಎಲ್ಲವೂ ಸರಿಯಾಗಿತ್ತು. ಅನಂತರ ಎಡೆಬಿಡದೆ ಹಾರುವಂತೆ ಬದಲಾಯಿಸಲಾಯಿತು. ಆಯುಧ ಅವಳ ಹಿಡಿತ ತಪ್ಪಿ ಎಡಕ್ಕೆ ಮೇಲೆದ್ದಿತು. ಎಡಗಡೆಯಲ್ಲಿ ನಿಂತಿದ್ದ ಶಿಕ್ಷಕರಿಗೆ ಗುಂಡು ತಗಲಿ ಅವರು ಅಸುನೀಗಿದರು.

ಈ ಎರಡು ಘಟನೆಗಳಲ್ಲಿ ಮಕ್ಕಳ ತಪ್ಪೇನೂ ಇಲ್ಲ. ಹಣ ಕೊಟ್ಟು ಬಂದವರ ಮನಸ್ಸನ್ನು ನೋಯಿಸಬಾರದು, ದೂರದಿಂದ ಬಂದ ಕುಟುಂಬಕ್ಕೆ ನಿರಾಶೆಯಾಗಬಾರದು ಎಂಬ ಮೃದುತ್ವ ಇಂಥ ಕಡೆಗಳಲ್ಲಿ ವಿವೇಕವನ್ನು ಮೀರಿ ನಿಲ್ಲುತ್ತದೆ. ಈ ಮಗುವಿನ ತೋಳಿಗೆ ಈ ಆಯುಧ ತಕ್ಕುದಲ್ಲವೆಂಬ ಒಂದು ಮಾತನ್ನು ನುಡಿಯುವ ಧೈರ್ಯವಿದ್ದಿದ್ದರೆ ಎರಡು ಜೀವಗಳು ಉಳಿಯುತ್ತಿದ್ದವು. ಒಲ್ಲೆನೆನ್ನುವ ಶಕ್ತಿಯೂ ಶಿಕ್ಷಕನ ವಿದ್ಯೆಯ ಭಾಗವೇ ಸರಿ.

ಕಣ್ಣಿಗೆ ಕಾಣದ ಅಪಾಯಗಳೂ ಇವೆ. ಪಾಯಿಂಟ್ 22 ರೈಫಲಿನ ಸದ್ದೇ 140 ಡೆಸಿಬೆಲ್ಲಿನ ಆಸುಪಾಸಿನಲ್ಲಿರುತ್ತದೆ. ದೊಡ್ಡ ಬಂದೂಕುಗಳದು ಇನ್ನೂ ಹೆಚ್ಚು. ಕೆಟ್ಟ ಕಿವಿ ಮತ್ತೆ ಮೊದಲಿನಂತಾಗುವುದಿಲ್ಲ. ಗುಂಡಿನಲ್ಲಿಯೂ ಅದರ ಮದ್ದು ಹೊತ್ತಿಸುವ ರಾಸಾಯನಿಕದಲ್ಲಿಯೂ ಸಾಮಾನ್ಯವಾಗಿ ಸೀಸ ಇರುತ್ತದೆ. ಅದರ ಸೂಕ್ಷ್ಮ ಧೂಳು ಕೈಗೂ ಬಟ್ಟೆಗೂ ಅಂಟಿ, ಆಹಾರದೊಡನೆ ಒಳಗೆ ಸೇರುತ್ತದೆ. ಬೆಳೆಯುವ ಮಕ್ಕಳ ಮಿದುಳಿಗೆ ಸೀಸ ವಿಷವೆಂಬುದು ವೈದ್ಯಶಾಸ್ತ್ರ ದೃಢಪಡಿಸಿದ ಸಂಗತಿ. ಆದ್ದರಿಂದ ರೇಂಜಿನಲ್ಲಿ ತಿಂಡಿ ಹಂಚುವ ಪದ್ಧತಿ ಸಲ್ಲದು. ಅತಿಥಿಗಳಿಗೆ ಚಹಾ, ಮಕ್ಕಳಿಗೆ ಉಪ್ಪಿಟ್ಟು ಕೊಡುವುದಾದರೆ ಬೇರೆ ಸ್ಥಳದಲ್ಲಿ, ಸೋಪಿನಿಂದ ಕೈ ತೊಳೆಸಿದ ಮೇಲೆ ಕೊಡತಕ್ಕದ್ದು.

ಈಗ ಒಂದು ಶಾಲೆಯ ಎನ್.ಸಿ.ಸಿ. ಘಟಕದ ಗುರಿ ಅಭ್ಯಾಸದ ದಿನವನ್ನು ಕಲ್ಪಿಸಿಕೊಳ್ಳಬಹುದು. ಕೆಡೆಟ್ಟುಗಳು ಗೆರೆಯ ಮೇಲೆ ಮಲಗಿದ್ದಾರೆ. ಶಾಲೆಗೆ ಕಟ್ಟಡ ಕಟ್ಟಿಸಿಕೊಟ್ಟ ದಾನಿಗಳು ಸಂತೋಷದಿಂದ ನೋಡಲು ಬಂದಿದ್ದಾರೆ. ಮೊಮ್ಮಗನ ಛಾಯಾಚಿತ್ರ ತೆಗೆಯುವ ಉತ್ಸಾಹದಲ್ಲಿ ಅವರು ಎರಡು ಹೆಜ್ಜೆ ಮುಂದಿಡುತ್ತಾರೆ. ಮುಖ್ಯೋಪಾಧ್ಯಾಯರು ನೋಡಿ ಸಂಕೋಚದಿಂದ ಸುಮ್ಮನಾಗುತ್ತಾರೆ. ಆಗ ಕೊನೆಯ ಸಾಲಿನ ಹದಿನಾಲ್ಕು ವರ್ಷದ ಕೆಡೆಟ್ಟೊಬ್ಬನು “ನಿಲ್ಲಿಸಿ!” ಎಂದು ಕೂಗುತ್ತಾನೆ. ಗುಂಡು ನಿಲ್ಲುತ್ತದೆ. “ಯಜಮಾನರೇ, ದಯವಿಟ್ಟು ಗೆರೆಯ ಹಿಂದಕ್ಕೆ ಬರಬೇಕು” ಎಂದು ಕೈಮುಗಿಯುತ್ತಾನೆ.

ಆ ಕ್ಷಣದಲ್ಲಿ ಹಿರಿಯರು ಏನು ಮಾಡುತ್ತಾರೆಂಬುದರ ಮೇಲೆ ಆ ಶಾಲೆಯ ಶಿಕ್ಷಣದ ಬೆಲೆ ನಿಂತಿದೆ. ಹುಡುಗನನ್ನು ಗದರಿಸಿದರೆ ಅಲ್ಲಿದ್ದ ಮಕ್ಕಳೆಲ್ಲ ಒಂದು ಪಾಠ ಕಲಿಯುತ್ತಾರೆ: ನಿಯಮ ಚಿಕ್ಕವರಿಗೆ ಮಾತ್ರ, ದೊಡ್ಡವರ ತಪ್ಪನ್ನು ಕಂಡರೆ ಬಾಯಿ ಮುಚ್ಚಿಕೊಂಡಿರಬೇಕು. ದಾನಿಗಳು ನಗುತ್ತ ಹಿಂದೆ ಸರಿದು “ಸರಿಯಾಗಿ ಹೇಳಿದೆಯಪ್ಪಾ” ಎಂದರೆ ಅದೇ ಮಕ್ಕಳು ಇನ್ನೊಂದು ಪಾಠ ಕಲಿಯುತ್ತಾರೆ. ಅದು ಜೀವನಪರ್ಯಂತ ಉಳಿಯುತ್ತದೆ. ಶಾಲೆಗೆ ಕೊಟ್ಟ ಕಟ್ಟಡಕ್ಕಿಂತ ಆ ಎರಡು ಹೆಜ್ಜೆಗಳ ದಾನ ಕಡಿಮೆಯದಲ್ಲ. ಅನೇಕ ರೇಂಜುಗಳಲ್ಲಿ, ಅಪಾಯ ಕಂಡವನು ಯಾರೇ ಆಗಿರಲಿ, ಗುಂಡು ನಿಲ್ಲಿಸುವಂತೆ ಕೂಗುವ ಅಧಿಕಾರ ಅವನಿಗುಂಟು. ಆ ಕೂಗನ್ನು ಕೇಳಿದವರೆಲ್ಲರೂ ಕಾರಣ ಕೇಳದೆ ನಿಲ್ಲಿಸಬೇಕು. ಕೂಗಿದ್ದು ತಪ್ಪಾಗಿದ್ದರೂ ಶಿಕ್ಷೆಯಿಲ್ಲ. ಅತ್ಯಂತ ಕಟ್ಟುನಿಟ್ಟಾದ ಸ್ಥಳವೇ ಅತ್ಯಂತ ಕಿರಿಯನಿಗೆ ಇಷ್ಟು ದೊಡ್ಡ ಅಧಿಕಾರ ಕೊಟ್ಟಿರುವುದು ಗಮನಾರ್ಹ.

ಇದಕ್ಕೆ ಆಕ್ಷೇಪಗಳಿಲ್ಲದೆ ಇಲ್ಲ. ಶಾಲೆಗೆ, ಅದರಲ್ಲಿಯೂ ಮಠದ ಆಶ್ರಯದ ಶಾಲೆಗೆ, ಬಂದೂಕಿನ ಸಹವಾಸವೇ ಬೇಡವೆಂಬುವರಿದ್ದಾರೆ. ಆ ಮಾತಿನ ಹಿಂದಿನ ಕರುಣೆಯನ್ನು ಗೌರವಿಸಬೇಕು. ಆದರೆ ಬಂದೂಕನ್ನು ಕಾಣದ ಹುಡುಗ ಅದರ ಚಿತ್ರವನ್ನು ಚಲನಚಿತ್ರದಿಂದ ಪಡೆಯುತ್ತಾನೆ. ಅಲ್ಲಿ ಗುಂಡು ಹಾರುತ್ತದೆ, ಹೊಣೆ ಕಾಣುವುದಿಲ್ಲ. ರೇಂಜಿನಲ್ಲಿ ಅವನು ಐದು ಗುಂಡು ಹಾರಿಸಲು ಗಂಟೆಗಟ್ಟಲೆ ಕಾಯುತ್ತಾನೆ, ಹಾರಿಸಿದ ಐದರ ಖಾಲಿ ಕಾಡತೂಸುಗಳನ್ನೂ ಎಣಿಸಿ ಒಪ್ಪಿಸುತ್ತಾನೆ. ಅವನು ಅಲ್ಲಿ ಕಲಿಯುವುದರಲ್ಲಿ ಹೆಚ್ಚಿನ ಪಾಲು ಸಂಯಮವೇ. ಮನೆಮನೆಯಲ್ಲಿ ಕೋವಿಯಿರುವ ಕೊಡಗಿನಲ್ಲಿ ಕೈಲ್ ಮುಹೂರ್ತದ ದಿನ ಆಯುಧಗಳನ್ನು ಪೂಜಿಸಿದ ಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಯುತ್ತದೆ. ಆಯುಧವನ್ನು ಮೊದಲು ಗೌರವಿಸಿ ಆಮೇಲೆ ಎತ್ತಿಕೊಳ್ಳುವ ಆ ಕ್ರಮದಲ್ಲಿ ಅರ್ಥವಿದೆ. ಅದಕ್ಕೆ ವಿರುದ್ಧವಾಗಿ, ಉತ್ತರ ಭಾರತದ ಕೆಲವೆಡೆ ಮದುವೆಯ ಮೆರವಣಿಗೆಗಳಲ್ಲಿ ಸಂತೋಷಕ್ಕೆಂದು ಗಾಳಿಯಲ್ಲಿ ಗುಂಡು ಹಾರಿಸಿ ನೆಂಟರನ್ನೇ ಬಲಿಗೊಟ್ಟ ಪ್ರಸಂಗಗಳು ನಡೆದಿವೆ. 2019ರಲ್ಲಿ ಶಸ್ತ್ರಾಸ್ತ್ರ ಕಾಯಿದೆಗೆ ತಿದ್ದುಪಡಿ ತಂದು, ಇತರರ ಪ್ರಾಣಕ್ಕೆ ಅಪಾಯ ತರುವ ಇಂಥ ಸಂಭ್ರಮದ ಗುಂಡಿಗೆ ಎರಡು ವರ್ಷಗಳವರೆಗಿನ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿಗಳವರೆಗಿನ ದಂಡ, ಅಥವಾ ಎರಡನ್ನೂ ವಿಧಿಸಲಾಗಿದೆ. ಬಂದೂಕು ಎರಡು ಕಡೆಯೂ ಒಂದೇ. ಗೆರೆಯಿಲ್ಲದ ಕಡೆ ಅತಿಥಿ ಸಾಯುತ್ತಾನೆ.

ಕಟ್ಟುನಿಟ್ಟಿನಿಂದ ಹಿರಿಯರ ಮನಸ್ಸು ನೋಯುತ್ತದೆಂಬುದು ಇನ್ನೊಂದು ಆಕ್ಷೇಪ. ನಿಯಮವನ್ನು ತಪ್ಪು ನಡೆದ ಮೇಲೆ ಹೇಳಿದರೆ ನೋಯುವುದು ನಿಜ. ಮೊದಲೇ ಹೇಳಿದರೆ ನೋಯುವುದಿಲ್ಲ. ಆಮಂತ್ರಣ ಪತ್ರಿಕೆಯೊಡನೆಯೇ ನಾಲ್ಕು ಸಾಲಿನ ಸೂಚನೆಯನ್ನು ವಿನಯದಿಂದ ಕಳಿಸಬಹುದು. ಬಂದವರನ್ನು ಎದುರುಗೊಂಡು ಕಿವಿಯ ರಕ್ಷಣೆಯನ್ನು ಹಾರದಂತೆ ಗೌರವದಿಂದ ಒಪ್ಪಿಸಬಹುದು. ಮುಖ್ಯ ಅತಿಥಿಗಳಿಂದ ಮೊದಲ ಗುಂಡು ಹಾರಿಸುವ ಪದ್ಧತಿಯನ್ನು ಕೈಬಿಟ್ಟು, ಅವರಿಂದ ಕೆಂಪು ಬಾವುಟವನ್ನು ಏರಿಸಬಹುದು. ಅದೇ ನಿಜವಾದ ಉದ್ಘಾಟನೆ. ತೀರ ಚಿಕ್ಕ ಮಕ್ಕಳನ್ನು ರೇಂಜಿಗೆ ಕರೆತರದಂತೆ ಪಾಲಕರನ್ನು ಕೇಳಿಕೊಳ್ಳಬಹುದು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಮತ್ತು ಒಂದು ವಾಹನ ಸಿದ್ಧವಾಗಿರಬೇಕು. ಇವುಗಳಲ್ಲಿ ಯಾವುದಕ್ಕೂ ಹೆಚ್ಚಿನ ಹಣ ಬೇಡ. ಬೇಕಾದುದು ಸಂಕಲ್ಪ ಮಾತ್ರ.

ಈ ಅಭ್ಯಾಸ ರೇಂಜಿನಲ್ಲಿ ನೆಲೆಯೂರಿದರೆ ಅಲ್ಲಿಗೇ ನಿಲ್ಲುವುದಿಲ್ಲ. ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ, ಪ್ರಸಾದ ನಿಲಯದ ಕುದಿಯುವ ಕೊಪ್ಪರಿಗೆಯ ಬಳಿಯಲ್ಲಿ, ಪ್ರವಾಸದ ಹೊಳೆಯ ದಂಡೆಯಲ್ಲಿಯೂ ಅದು ಮಕ್ಕಳನ್ನು ಕಾಯುತ್ತದೆ. ಎಲ್ಲಿ ಅಪಾಯವಿದೆಯೋ ಅಲ್ಲೊಂದು ಗೆರೆಯಿರಬೇಕು. ಆ ಗೆರೆ ಎಲ್ಲರಿಗೂ ಒಂದೇ ಆಗಿರಬೇಕು. ಪೂಜ್ಯರೇ ದಯಮಾಡಿಸಿದರೂ ಗೆರೆ ಸರಿಯಬಾರದು. ಪೂಜ್ಯರು ತಾವೇ ಆ ಗೆರೆಯ ಈಚೆಗೆ ನಿಂತರೆ, ಯಾವ ಪ್ರವಚನವೂ ಹೇಳಲಾರದ ಮಾತನ್ನು ಆ ನಿಲುವೇ ಹೇಳುತ್ತದೆ.

ವಿಂಬಲ್ಡನ್ನಿನ ಸ್ಪರ್ಧಾಕೂಟ 1890ರಲ್ಲಿ ಬಿಸ್ಲೆಗೆ ಸ್ಥಳಾಂತರಗೊಂಡಿತು. ಅಂದು ರಾಣಿ ಎಳೆದದ್ದು ಒಂದು ರೇಷ್ಮೆಯ ದಾರವನ್ನು ಮಾತ್ರ. ಅದರಿಂದ ಅವರ ಕಿರೀಟದ ಹೊಳಪು ಮಾಸಲಿಲ್ಲ. ಸಂದರ್ಶಕನು ಹೇಗೆ ಬಂದನೋ ಹಾಗೆಯೇ, ಕಣ್ಣು ಕಿವಿಗಳಿಗೂ ಕೈಕಾಲುಗಳಿಗೂ ಊನವಿಲ್ಲದೆ ತನ್ನ ಮನೆಗೆ ಮರಳಿದಾಗಲೇ ಅವನಿಗೆ ಸಂದ ಸತ್ಕಾರ ಪೂರ್ಣವಾಗುತ್ತದೆ. ಹಾಗೆ ಕಳಿಸಿಕೊಡಬಲ್ಲ ಶಾಲೆಯೇ ಅತಿಥಿಯನ್ನು ನಿಜವಾಗಿ ಗೌರವಿಸಿದ ಶಾಲೆ.